ಪಿ.ಟಿ. ಮಿಸ್ ಮನೆಯ ಕಿಟಕಿ

ಆ ವಿಷಲ್ ಒಂದು ಕಾಲಕ್ಕೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದಿರಬೇಕು. ನಾನು ನೋಡುವ ಹೊತ್ತಿಗೆ ಬಾಯಿಗಿಡುವ ಕಡೆ ಮೆರುಗು ಪೂರ್ತಿ ಸವೆದು ಒಳಗಿನ ಹಿತ್ತಾಳೆ ಹಳದಿಯಾಗಿ ಕಾಣುತ್ತಿತ್ತು. ಕಪ್ಪು ದಾರ ಕಟ್ಟಿ ಮಿಸ್ ಅದನ್ನು ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಸೀರೆಯ ಮೇಲೂ ಅದೇ, ನೈಟಿಯ ಮೇಲೂ ಅದೇ. ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೂ ಸೊಪ್ಪು ತರಲು ಹೊರಟರೆ ವಿಷಲ್ ಜೊತೆಗೇ ಹೊರಡುತ್ತಿತ್ತು. ರಿಚರ್ಡ್ಸ್ ಟೌನಿನ ನಮ್ಮ ಬೀದಿಯಲ್ಲಿ ರಾಂಗ್ ಸೈಡಿನಲ್ಲಿ ನುಗ್ಗುವ ಸ್ಕೂಟರಿನವರು ಟ್ರಾಫಿಕ್ ಪೊಲೀಸರಿಗಿಂತ ಹೆಚ್ಚಾಗಿ ಅವರಿಗೆ ಹೆದರುತ್ತಿದ್ದರು.

ಅವರು ಮೊದಲು ನನ್ನ ಸ್ಕೂಲಿನ ಪಿ.ಟಿ. ಮಿಸ್. ಆಮೇಲೆ ನಮ್ಮ ಕೆಳಮನೆಯವರು. ಅಪ್ಪನಿಗೆ ಶಿವಾಜಿನಗರದ ಕಡೆ ಕೆಲಸ ಸಿಕ್ಕಿದಾಗ ನಾವು ಕೆ.ಆರ್. ಪುರದಿಂದ ರಿಚರ್ಡ್ಸ್ ಟೌನಿನ ಕಡೆಗೆ ಬಂದೆವು. ನನ್ನನ್ನು ವರ್ಷದ ಮಧ್ಯದಲ್ಲಿ ಹೊಸ ಸ್ಕೂಲಿಗೆ ಸೇರಿಸಿದರು. ಕನ್ನಡ ಮೀಡಿಯಮ್ಮಿನಿಂದ ಹೋದವಳು ನಾನು, ಸುತ್ತಲೂ ಟಸ್ ಪುಸ್ ಇಂಗ್ಲಿಷು. ಮೊದಲ ದಿನ ಗ್ರೌಂಡಿನಲ್ಲಿ ಸಾಲಿನ ಕಟ್ಟಕಡೆಗೆ ಹೋಗಿ ಮುದುರಿಕೊಂಡು ನಿಂತಿದ್ದೆ. ಮಿಸ್ ವಿಷಲ್ ಊದಿದರು, ಬೆರಳಿನಿಂದ ನನ್ನನ್ನು ಕರೆದರು, ತೋಳು ಹಿಡಿದು ಸಾಲಿನ ತಲೆಗೇ ತಂದು ನಿಲ್ಲಿಸಿದರು.

“ಹೊಸಬರು ಮುಂದೆ. ನನ್ ಗ್ರೌಂಡಲ್ಲಿ ಅದೇ ರೂಲು.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಾರ ಕಳೆಯುವುದರೊಳಗೆ ಮಾತ್ರ ಎಲ್ಲರಿಗೂ ನನ್ನ ಹೆಸರು ಗೊತ್ತಾಗಿತ್ತು.

ಅವರು ಯಹೂದಿ ಅನ್ನುವುದು ಸ್ಕೂಲಿನಲ್ಲಿ ನಮಗೆ ಯಾರಿಗೂ ತಿಳಿದಿರಲಿಲ್ಲ. ಕ್ಯಾಂಟೋನ್ಮೆಂಟಿನಲ್ಲಿ ಮಿಸ್ ಅಂದರೆ ಕ್ರಿಶ್ಚಿಯನ್ನರೇ ಇರಬೇಕು ಅಂದುಕೊಂಡು ಸುಮ್ಮನಿದ್ದೆವು. ಅವರ ಮನೆಯ ಮೇಲಿನ ಮನೆ ನಮಗೆ ಬಾಡಿಗೆಗೆ ಸಿಕ್ಕಿದ ಮೇಲೆ ಒಂದೊಂದೇ ಗೊತ್ತಾಯಿತು. ಶನಿವಾರ ಅವರ ಧರ್ಮದಲ್ಲಿ ಬಿಡುವಿನ ದಿನ, ಒಲೆ ಹಚ್ಚುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಓರೆಯಾಗಿ ಹೊಡೆದ, ಒಳಗೆ ದೇವರ ವಾಕ್ಯ ಬರೆದಿಟ್ಟ ಸಣ್ಣ ಡಬ್ಬಿಯೊಂದನ್ನು ಒಳಗೆ ಹೋಗುವಾಗ, ಹೊರಗೆ ಬರುವಾಗ ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಅವರಪ್ಪ ಮಿಲಿಟರಿ ಆಫೀಸಿನ ಗುಮಾಸ್ತರಾಗಿ ಕೊಂಕಣದ ಕರಾವಳಿಯಿಂದ ಇಲ್ಲಿಗೆ ಬಂದವರಂತೆ. ತಮ್ಮನೊಡನೆ ಫೋನಿನಲ್ಲಿ ಮರಾಠಿ, ತರಕಾರಿಯವಳ ಹತ್ತಿರ ತಮಿಳು, ಎದುರಿನ ಟೈಲರ್ ಅಂಗಡಿಯವರ ಹತ್ತಿರ ದಖನಿ ಉರ್ದು, ನಮ್ಮ ಹತ್ತಿರ ಕನ್ನಡ. ಬೈಯುವುದಕ್ಕೆ ಮಾತ್ರ ಇಂಗ್ಲಿಷು.

ಮೇಲುಮನೆಗೆ ನಾವು ಬಂದ ವರ್ಷದ ಡಿಸೆಂಬರಿನಲ್ಲಿ ನಮ್ಮಮ್ಮ ಒಂದು ಯಡವಟ್ಟು ಮಾಡಿದಳು. ಅಮ್ಮ ಅಂಥದ್ದು ಮಾಡುವವಳೇ. ಮೆಂತ್ಯದ ಸೊಪ್ಪು ಕೊಡಲು ಸಂಜೆ ಕೆಳಗಿಳಿದವಳಿಗೆ ಕಿಟಕಿಯಲ್ಲಿ ಒಂದು ಹಿತ್ತಾಳೆ ದೀಪದ ಸಾಲು ಕಂಡಿತು. ಎಂಟು ಬಳೆ, ಪ್ರತಿ ಬಳೆಯಲ್ಲಿ ಒಂದು ಪುಟ್ಟ ಗಾಜಿನ ಲೋಟ. ಅವುಗಳಿಗಿಂತ ಎತ್ತರದಲ್ಲಿ ಇನ್ನೊಂದು, ಅದರ ನೆತ್ತಿಯಲ್ಲಿ ಗಿಣಿ. ಮಿಸ್ ಅವರಪ್ಪ ಇದನ್ನು ಶಿವಾಜಿನಗರದ ಕಂಚುಗಾರನೊಬ್ಬನ ಹತ್ತಿರ ಮಾಡಿಸಿದ್ದರು. ದೀಪಕ್ಕೆ ಗಿಣಿಯಿಲ್ಲದಿದ್ದರೆ ಹೇಗೆ ಅಂತ ಆತ ತಾನಾಗಿಯೇ ಒಂದು ಕೂರಿಸಿಬಿಟ್ಟಿದ್ದ. ಆ ಸಂಜೆ ಗಿಣಿಯ ದೀಪ ಉರಿಯುತ್ತಿತ್ತು, ಕೆಳಗಿನ ಸಾಲಿನಲ್ಲಿ ಬಲತುದಿಯ ಒಂದು ಉರಿಯುತ್ತಿತ್ತು, ಉಳಿದ ಏಳು ಖಾಲಿ. ಮಿಸ್ ಅಡುಗೆಮನೆಯಲ್ಲಿ ಆಲೂಗೆಡ್ಡೆ ಬೋಂಡಾ ಕರಿಯುತ್ತಿದ್ದರು.

ಏನೋ ಹಬ್ಬ ಅಂತ ಅಮ್ಮನಿಗೆ ಗೊತ್ತಾಯಿತು, ಹಬ್ಬದ ದಿನ ಏಳು ದೀಪ ಖಾಲಿ. ಪಾಪ, ಎಣ್ಣೆ ಮುಗಿದಿರಬೇಕು ಅಂದುಕೊಂಡಳು. ಮೇಲೆ ಹೋಗಿ ಹರಿವಾಣದಲ್ಲಿ ಎಳ್ಳೆಣ್ಣೆ, ಬತ್ತಿ ತಂದು ಏಳನ್ನೂ ತುಂಬಿ ಗಿಣಿಯ ದೀಪದಿಂದಲೇ ಹಚ್ಚಿ ಕೈಮುಗಿದು ನಿಂತಳು. ಮಿಸ್ ಬೋಂಡಾ ತಟ್ಟೆ ಹಿಡಿದು ಹೊರಗೆ ಬಂದರು, ನೋಡಿದರು, ತಟ್ಟೆ ಕೆಳಗಿಟ್ಟು ವಿಷಲ್ ಊದಿದರು. ಮೇಲಿನ ಮನೆಯಲ್ಲಿ ಕೂತಿದ್ದ ನಾನು ಎದ್ದು ಅಟೆನ್ಶನ್ನಿನಲ್ಲಿ ನಿಂತುಬಿಟ್ಟೆ.

ನಾನು ಓಡಿ ಕೆಳಗೆ ಬಂದಾಗ ಇಬ್ಬರೂ ಜಗಳಕ್ಕೆ ಸಿದ್ಧರಾಗಿದ್ದರು.

“ಯಾರ್ ಹಚ್ಚಿದ್ದು?”

“ನಾನೇ ಕಣ್ರೀ. ಖಾಲಿ ಇತ್ತಲ್ಲ, ನೋಡೋಕಾಗ್ಲಿಲ್ಲ.”

“ಇವತ್ತು ಮೊದಲ್ನೇ ದಿನ. ಒಂದೇ ಹಚ್ಬೇಕು. ನಾಳೆ ಎರಡು, ನಾಡಿದ್ದು ಮೂರು. ಇವತ್ತೇ ಎಲ್ಲಾ ಹಚ್ಬಿಟ್ರೆ ನಾಳೆಗೆ ಏನ್ರೀ ಜಾಸ್ತಿ ಮಾಡ್ಲಿ? ಆರಿಸ್ಬೇಕು ಇವನ್ನ.”

“ಅಯ್ಯೋ! ಹಚ್ಚಿದ ದೀಪ ಆರಿಸ್ತಾರಾ? ನನ್ ಕಣ್ಣೆದುರಿಗೆ ಮಾತ್ರ ಬೇಡ.”

ಮಿಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಏಳು ದೀಪಗಳನ್ನೂ ಎಣಿಸಿದರು. ಆಮೇಲೆ ಒಳಗಿಂದ ಬಟ್ಟೆ ತಂದು ಅಮ್ಮ ಹಚ್ಚಿದ ಒಂದೊಂದು ಲೋಟವನ್ನೂ ಉರಿಯುತ್ತಿದ್ದ ಹಾಗೇ ಬಳೆಯಿಂದ ಎತ್ತಿ ಅಮ್ಮನ ಹರಿವಾಣದಲ್ಲಿಟ್ಟರು. “ಇವು ನಿಮ್ಮ ದೀಪ. ನಿಮ್ಮ ದೇವ್ರಿಗೆ ಇಡಿ. ಲೋಟ ಮಾತ್ರ ವಾಪಸ್ ಕೊಡ್ಬೇಕು,” ಅಂದರು. ಅಮ್ಮ ಏಳು ದೀಪಗಳ ಹರಿವಾಣ ಹಿಡಿದು ಮೆಟ್ಟಿಲು ಹತ್ತಿದಳು. ಅವತ್ತು ನಮ್ಮ ದೇವರ ಗೂಡು ಲಕ್ಷದೀಪೋತ್ಸವದ ಹಾಗಿತ್ತು. ಅಲ್ಲಿಂದ ಮುಂದೆ ಪ್ರತಿ ವರ್ಷ ಆ ಹಬ್ಬಕ್ಕೆ ಬತ್ತಿ ಹೊಸೆದು ಕೊಡುವ ಕೆಲಸ ಅಮ್ಮನದಾಯಿತು, ಕರಿದದ್ದು ಏನಾದರೂ ಆಗಬೇಕು ಅಂತ ತಿಳಿದ ಮೇಲೆ ಕಜ್ಜಾಯವೂ ಅವಳದೇ.

ಹಬ್ಬದ ಹೆಸರು ಹನುಕ್ಕಾ ಅಂತ ಗೊತ್ತಾದದ್ದು ಆವತ್ತೇ, ಬೋಂಡಾ ತಿನ್ನುತ್ತಾ. ಬಹಳ ಹಿಂದೆ ಪರರ ಸೈನ್ಯ ಅವರ ದೇವಾಲಯವನ್ನು ಹಾಳುಗೆಡವಿತ್ತಂತೆ. ಹೋರಾಡಿ ಅದನ್ನು ವಾಪಸ್ ಪಡೆದು ತೊಳೆದು ದೀಪ ಹಚ್ಚಲು ಹೋದರೆ, ಶುದ್ಧವಾದ ಎಣ್ಣೆ ಸಿಕ್ಕಿದ್ದು ಒಂದು ದಿನಕ್ಕಾಗುವಷ್ಟೇ. ಹೊಸ ಎಣ್ಣೆ ತಯಾರಾಗುವವರೆಗೆ, ಎಂಟು ದಿನ, ಅದೇ ಎಣ್ಣೆಯಲ್ಲಿ ದೀಪ ಉರಿಯಿತಂತೆ.

“ಎಣ್ಣೆ ಉರೀತು ಅಂತ ಎಲ್ರೂ ಹೇಳ್ತಾರೆ. ನನಗೆ ಇಷ್ಟ ಆಗೋದು ಅದಲ್ಲ. ಒಂದೇ ದಿನಕ್ಕಿದೆ ಅಂತ ಗೊತ್ತಿದ್ರೂ ಹಚ್ಚಿದ್ರಲ್ಲ, ಆ ಮೊಂಡುತನ,” ಅನ್ನುತ್ತಿದ್ದರು ಮಿಸ್. ಆಮೇಲೆ ನಕ್ಕು ಇನ್ನೊಂದು ಸೇರಿಸುವರು. ಕೊಂಕಣದಲ್ಲಿ ಅವರ ಮುತ್ತಜ್ಜಂದಿರು ಗಾಣ ತಿರುಗಿಸಿ ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರದ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಅಂತ ಕರೆಯುತ್ತಿದ್ದರು. ಆದರೆ ಆ ಅಜ್ಜಂದಿರಿಗೆ ಹನುಕ್ಕಾ ಗೊತ್ತೇ ಇರಲಿಲ್ಲ. ಈ ಹಬ್ಬ ಹುಟ್ಟುವ ಮೊದಲೇ ಅವರ ಪೂರ್ವಜರು ಹಡಗು ಹತ್ತಿ ಬಂದುಬಿಟ್ಟಿದ್ದರು ಅಂತ ಮನೆಯಲ್ಲಿ ಹೇಳುತ್ತಿದ್ದರಂತೆ. ಎಷ್ಟೋ ಕಾಲದ ಮೇಲೆ ಬೇರೆ ಊರಿನ ಯಹೂದಿಗಳಿಂದ ಕಲಿತದ್ದು. “ದಿನಾ ಎಣ್ಣೇಲೇ ಇದ್ದವ್ರು, ಎಣ್ಣೆ ಹಬ್ಬಕ್ಕೆ ಲೇಟಾಗಿ ಬಂದ್ವಿ. ಅದಕ್ಕೇ ನಾನು ತಪ್ಪಿಸೋದಿಲ್ಲ.”

ಆ ದೀಪಕ್ಕೆ ಅವರದೇ ಕಟ್ಟುನಿಟ್ಟುಗಳಿದ್ದವು. ಹಚ್ಚುವಾಗ ಅವತ್ತು ಹೊಸದಾಗಿ ಸೇರಿದ ದೀಪಕ್ಕೇ ಮೊದಲು ಬೆಂಕಿ. ಅದನ್ನು ಕಂಡಾಗ ಗ್ರೌಂಡಿನ ರೂಲು ಎಲ್ಲಿಂದ ಬಂತು ಅಂತ ನನಗೆ ಹೊಳೆಯಿತು. ಸಾಲಿನ ದೀಪಗಳ ಬೆಳಕಿನಲ್ಲಿ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ. ಒಂದು ಸಂಜೆ ಕರೆಂಟ್ ಹೋಗಿ, ಮಾರನೆಯ ದಿನ ಲೆಕ್ಕದ ಪರೀಕ್ಷೆ ಇದ್ದ ನಾನು ಪುಸ್ತಕ ಹಿಡಿದು ಕಿಟಕಿಯ ಹತ್ತಿರ ಕೂತೆ. ಮಿಸ್ ಪುಸ್ತಕ ಮುಚ್ಚಿಸಿದರು. “ಈ ಬೆಳಕು ನೋಡೋಕೆ ಮಾತ್ರ. ಕೆಲಸಕ್ಕೆ ಗಿಣಿ ಇದೆ, ಅದು ಆಳು. ಅದರ ಕಡೆ ತಿರುಗಿ ಓದು.” ನಾನು ಗಿಣಿಯ ಕಡೆ ತಿರುಗಿ ಓದಿದೆ. ಪಾಸೂ ಆದೆ.

ಎಲ್ಲಕ್ಕಿಂತ ದೊಡ್ಡ ನಿಯಮ ಕಿಟಕಿಯದು. ದೀಪ ಬೀದಿಗೆ ಕಾಣಬೇಕು. ಮನೆಯೊಳಗೆ ಬಚ್ಚಿಟ್ಟು ಹಚ್ಚಿದರೆ ಅರ್ಧ ಹಬ್ಬವೇ ಆಗಲಿಲ್ಲ. ಬೆಂಗಳೂರಿನಲ್ಲಿ ಅವರಿಗೆ ಹೋಗಲು ಪ್ರಾರ್ಥನಾ ಮಂದಿರವಿರಲಿಲ್ಲ, ಅವರವರು ಅಂತ ಇದ್ದದ್ದು ಬೆರಳೆಣಿಕೆಯ ಮನೆಗಳು. ಹಬ್ಬವೆಂದರೆ ಆ ಕಿಟಕಿ, ಆ ಬೀದಿ. ಎದುರು ಅಂಗಡಿಯ ಟೈಲರ್ ಭಾಯ್ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಬ್ಲೌಸು, ಸಲ್ವಾರು ಹೊಲಿದು ಕೊಡುತ್ತಿದ್ದವರು. ಅವರ ಮಗಳು ಮಿಸ್ ಕೈಯಲ್ಲಿ ಓಡುವುದು ಕಲಿತವಳು. ವಿಷಲ್ಲಿನ ಕಪ್ಪು ದಾರ ಸವೆದಾಗಲೆಲ್ಲ ಹೊಸದು ಹೆಣೆದು ಕೊಡುತ್ತಿದ್ದವರೂ ಅವರೇ. ಹಬ್ಬದ ದಿನಗಳಲ್ಲಿ ದೀಪ ಹತ್ತಿದ ಕೂಡಲೇ ಮಷಿನ್ ನಿಲ್ಲಿಸಿ, ಅಂಗಡಿಯ ಮೆಟ್ಟಿಲಿಗೆ ಬಂದು ಜೋರಾಗಿ ಎಣಿಸುತ್ತಿದ್ದರು.

“ಮಿಸ್, ಆಜ್ ತೀನ್!”

“ಕಲ್ ಚಾರ್, ಭಾಯ್!” ಅಂತ ಇವರು ಕಿಟಕಿಯಿಂದ ಕೂಗುವರು. ಆಮೇಲೆ ಒಂದು ತಟ್ಟೆ ಬೋಂಡಾ ರಸ್ತೆ ದಾಟುವುದು. ನಾನು ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿ, ಅಪ್ಪ ತೀರಿಕೊಂಡು, ನಾನೂ ಅಮ್ಮನೂ ಅದೇ ಮೇಲುಮನೆಯಲ್ಲಿ ಉಳಿದೆವು. ಆ ಎಣಿಕೆ ಯಾವ ವರ್ಷವೂ ತಪ್ಪಲಿಲ್ಲ.

ತಪ್ಪುವ ಹಾಗಾದದ್ದು ಒಂದೇ ವರ್ಷ. ಮಿಸ್ ಗಂಟಲಿನಲ್ಲಿ ಗಂಟಾಗಿ ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಜೊತೆ ಧ್ವನಿಯೂ ಹೋಯಿತು. ಇಡೀ ಗ್ರೌಂಡನ್ನು ನಡುಗಿಸುತ್ತಿದ್ದ ಗಂಟಲಿನಿಂದ ಪಿಸುಮಾತಷ್ಟೇ ಹೊರಡುತ್ತಿತ್ತು. ಕಾಯಿಲೆ ಪೂರ್ತಿ ಹೋಗಿಲ್ಲ ಅಂತ ಡಾಕ್ಟರು ಹೇಳಿದ್ದರು, ಅದು ಅವರಿಗೂ ಗೊತ್ತಿತ್ತು. ಮುಂದಿನ ಕೋಣೆಯಲ್ಲಿ ಮಂಚ ಹಾಕಿಸಿಕೊಂಡು ಮಲಗಿರುತ್ತಿದ್ದರು. ನೋಡಿಕೊಳ್ಳಲು ಮುಂಬಯಿಯಿಂದ ತಮ್ಮ ಬಂದಿದ್ದರು. ಅಕ್ಕನಿಗೆ ಗಂಜಿ ಕುಡಿಸುವಾಗ ತಾವೂ ಬಾಯಿ ತೆರೆಯುವಂಥ ಮೆತ್ತಗಿನ ಮನುಷ್ಯ.

ಅದೇ ವರ್ಷ ದೂರದ ಯಹೂದಿಗಳ ದೇಶಕ್ಕೂ ನೆರೆಯ ಮುಸ್ಲಿಮರಿಗೂ ಹತ್ತಿದ ಯುದ್ಧ ಎಲ್ಲರ ಮನೆಯ ಟಿವಿಯಲ್ಲೂ ನಡೆಯುತ್ತಿತ್ತು. ಎರಡೂ ಕಡೆ ಸತ್ತ ಮಕ್ಕಳನ್ನು ತೋರಿಸುತ್ತಿದ್ದರು. ಮಿಸ್ ನೋಡಿ ಮುಖ ತಿರುಗಿಸಿ ಅಳುತ್ತಿದ್ದರು. ಎದುರಿನ ಅಂಗಡಿಯಲ್ಲಿ ಟೈಲರ್ ಭಾಯ್ ಕೂಡ ಮಷಿನ್ ನಿಲ್ಲಿಸಿ ಫೋನ್ ನೋಡುತ್ತಾ ಕೂತಿರುತ್ತಿದ್ದರು. ವಾರಕ್ಕೊಮ್ಮೆಯಾದರೂ ಮಿಸ್ಸನ್ನು ನೋಡಲು ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಯಾರೂ ಏನೂ ಅಂದಿರಲಿಲ್ಲ. ಆದರೂ ಬೀದಿಯ ಆ ಕಡೆಯಿಂದ ಈ ಕಡೆಗೆ ಮಾತೇ ನಿಂತುಹೋಗಿತ್ತು. ಮಿಸ್ ಮಂಚದಿಂದ ದಿನಾ ಆ ಅಂಗಡಿಯ ಕಡೆ ನೋಡುತ್ತಿದ್ದರು. ಹೆದರಿದ ತಮ್ಮನವರು ಕಿಟಕಿಯ ಪರದೆ ಎಳೆದ ಮೇಲೆ ಅದೂ ತಪ್ಪಿತು.

ಹಬ್ಬದ ಮೊದಲ ಸಂಜೆ ಅಮ್ಮ ಹೊಸೆದ ಬತ್ತಿಗಳನ್ನು ಹಿಡಿದು ನಾನು ಕೆಳಗೆ ಹೋದೆ. ದೀಪ ಕಿಟಕಿಯಲ್ಲಿರಲಿಲ್ಲ. ಕೋಣೆಯ ನಡುವೆ ಮೇಜಿನ ಮೇಲಿತ್ತು. ಕಿಟಕಿಗೆ ದಪ್ಪ ಪರದೆ.

“ಕಿಟಕಿ,” ಅಂದರು ಮಿಸ್.

“ಬೇಡ ಅಕ್ಕಾ, ಈ ವರ್ಷ ಒಂದು ಬೇಡ. ನಿಯಮದಲ್ಲೇ ಇದೆಯಲ್ಲ, ಅಪಾಯ ಇದ್ರೆ ಮೇಜಿನ ಮೇಲೆ ಹಚ್ಚಿದ್ರೂ ಸಾಕು ಅಂತ.”

“ಎಲ್ಲಿದೆ ಅಪಾಯ? ತೋರಿಸು.”

ಟಿವಿಯ ಕಡೆ ಕೈ ತೋರಿಸಿದರು ತಮ್ಮ.

“ಅದು ಟಿವಿ. ನನ್ನ ಬೀದಿ ತೋರಿಸು.” ಪಿಸುಮಾತಿನಲ್ಲೇ ಹೇಳಿದರೂ ಆ ಕೋಣೆಯಲ್ಲಿ ಅದು ಗಟ್ಟಿಯಾಗಿ ಕೇಳಿಸಿತು. “ಮೇಜಿನ ಮೇಲೆ ಹಚ್ಚಿದ್ರೆ ಈ ಬೀದಿಗೆ ಹೆದರ್ಕೊಂಡೆ ಅಂತ ನಾನೇ ಹೇಳ್ದಂಗಾಗತ್ತೆ. ನಾನ್ಯಾಕ್ ಸುಳ್ಳು ಹೇಳ್ಲಿ?”

ತಮ್ಮನ ಕಣ್ಣು ತುಂಬಿತ್ತು. “ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ ಅಕ್ಕಾ,” ಅಂದವರು ಅಕ್ಕನ ಉತ್ತರಕ್ಕೆ ಕಾಯದೆ ಗಿಣಿಯ ದೀಪ ಹಚ್ಚಿದರು. ಪ್ರಾರ್ಥನೆ ಹೇಳಿದರು. ಸಾಲಿನ ಮೊದಲ ದೀಪಕ್ಕೆ ಬೆಂಕಿ ಮುಟ್ಟಿಸಿದರು. ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಅಂತ ಸಿಟ್ಟಾಗಲಿ? ಆ ಮನುಷ್ಯ ಹೆದರಿದ್ದು ಪ್ರೀತಿಯಿಂದ. ಮಿಸ್ ಆಮೆನ್ ಅಂದರು. ಆಮೇಲೆ ಕೊರಳಿನ ವಿಷಲ್ಲಿಗೆ ಕೈ ಹಾಕಿದರು.

ಮೊದಲನೆಯ ಸಲ ಗಾಳಿ ಮಾತ್ರ ಹೊರಟಿತು. ಎರಡನೆಯದೂ ಹಾಗೆಯೇ. ತಮ್ಮ ತಡೆಯಲು ಹೋದರು, ಅವರ ಕೈ ತಳ್ಳಿ ಮಿಸ್ ಮೊಣಕೈ ಊರಿ ಎದ್ದು ಕೂತರು. ಎದೆ ತುಂಬ ಉಸಿರು ಎಳೆದುಕೊಂಡರು. ಮೂರನೆಯ ಸಲ ವಿಷಲ್ ಕೂಗಿತು. ನಾನು ಚಿಕ್ಕವಳಾಗಿ ಗ್ರೌಂಡಿನಲ್ಲಿ ಕೇಳಿದ ಅದೇ ಕೂಗು. ಎದುರಿನ ಹೊಲಿಗೆ ಮಷಿನ್ ನಿಂತದ್ದು ನನಗೆ ಕೇಳಿಸಿತು.

ಟೈಲರ್ ಭಾಯ್ ಬರಿಗಾಲಲ್ಲಿ ರಸ್ತೆ ದಾಟಿ ಓಡಿಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. “ಕ್ಯಾ ಹುವಾ? ಮಿಸ್ಸಿಗೇನಾಯ್ತು?” ಅಂತ ಬಾಗಿಲಲ್ಲಿ ನಿಂತವರು ಮೇಜಿನ ಮೇಲಿನ ದೀಪ ನೋಡಿದರು, ಎಳೆದ ಪರದೆ ನೋಡಿದರು. ಆಮೇಲೆ ತಲೆ ತಗ್ಗಿಸಿದರು.

“ಹೋದ್ ತಿಂಗಳಿಂದ ಪರದೆ ಎಳ್ದಿದೆ ಮಿಸ್. ನಮ್ಮ ಮುಖ ನೋಡೋಕೆ ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ. ಈ ಟೈಮಲ್ಲಿ ನಾನ್ ಬಂದ್ರೆ ನಿಮಗೆ ಕಷ್ಟ ಆಗತ್ತೇನೋ ಅಂತ ಬರ್ಲಿಲ್ಲ.”

ಆ ಮಾತಿಗೆ ತಮ್ಮ ತಿರುಗಿ ಪರದೆ ನೋಡಿದರು. ಪರದೆ ಎಳೆದವರು ಅವರು. ಅದು ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗೂ ಇಲ್ಲ. ಮಿಸ್ ಕಿಟಕಿಯ ಕಡೆ ಬೆರಳು ಮಾಡಿದರು. ಭಾಯ್‌ಗೆ ದೀಪವನ್ನೇ ಅಲ್ಲಿಗೆ ತರಲು ಹೇಳಿದರು ಅನ್ನಿಸಿ ಮೇಜನ್ನು ಕಿಟಕಿಗೆ ಸರಿಸಲು ಎರಡೂ ಕೈ ಹಾಕಿದರು. ವಿಷಲ್ ಮತ್ತೆ ಕೂಗಿತು, ಗಿಡ್ಡದಾಗಿ. ಹಚ್ಚಿದ ದೀಪವನ್ನು ಹಚ್ಚಿದ ಜಾಗದಿಂದ ಸರಿಸುವ ಹಾಗಿಲ್ಲ, ಅದೂ ನಿಯಮ. ಮಿಸ್ ಗಾಳಿಯಲ್ಲಿ ಕೈಯನ್ನು ಪಕ್ಕಕ್ಕೆ ಎಳೆದು ತೋರಿಸಿದರು.

“ದೀಪ ಅಲ್ಲ,” ಅಂದರು. “ಪರದೆ.”

ಒಂದು ಕಡೆಯದನ್ನು ಟೈಲರ್ ಭಾಯ್ ಎಳೆದರು. ಇನ್ನೊಂದು ಕಡೆಯದನ್ನು ತಮ್ಮನೇ ಹೋಗಿ ಎಳೆದರು. ಕೋಣೆಯ ನಡುವೆ ಇದ್ದ ದೀಪ ರಸ್ತೆಯ ಆಚೆಯವರೆಗೂ ಕಾಣುತ್ತಿತ್ತು. ಹಣ್ಣಿನ ಗಾಡಿಯವನು ನಿಂತು ನೋಡಿ ಮುಂದೆ ಹೋದ. ಅಷ್ಟೇ ಆದದ್ದು.

ಮಿಸ್ ದಿಂಬಿಗೊರಗಿಕೊಂಡು ಭಾಯ್ ಕಡೆ ನೋಡಿದರು. “ಎಷ್ಟು, ಭಾಯ್?”

ಭಾಯ್ ಒಂದು ಬೆರಳು ಎತ್ತಿದರು. “ಆಜ್ ಏಕ್, ಮಿಸ್,” ಅಂದರು.

ಮಾರನೆಯ ದಿನ ದೀಪ ಕಿಟಕಿಗೆ ಹೋಯಿತು. ಉಳಿದ ಏಳು ಸಂಜೆಯೂ ಮಿಸ್ ಮಂಚದಿಂದಿಳಿದು ಕುರ್ಚಿಯಲ್ಲಿ ಕೂತು ತಾವೇ ಕೈಯಾರೆ ಹಚ್ಚಿದರು. ಕೈ ಹಿಡಿಯಲು ತಮ್ಮ ಬಂದರೆ ಕಣ್ಣು ಕೆಕ್ಕರಿಸುತ್ತಿದ್ದರು. ಕೊನೆಯ ದಿನ ಹೊಸ ದೀಪ ಹತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಹತ್ತಿದಾಗ ಬೀದಿಯ ಆ ಕಡೆಯಿಂದ “ಪೂರೇ ಆಠ್!” ಅಂತ ಕೂಗು ಬಂತು. ಇವರು ಕೂಗಿ ಉತ್ತರ ಕೊಡಲಾಗದೆ ವಿಷಲ್ ಊದಿದರು. ಅಮ್ಮ ಮೇಲಿನಿಂದ ಕಜ್ಜಾಯದ ಡಬ್ಬಿ ಹಿಡಿದು ಇಳಿದಳು.

ಮುಂದಿನ ಮಳೆಗಾಲದಲ್ಲಿ ಮಿಸ್ ಹೋದರು. ಮೈಸೂರು ರಸ್ತೆಯ ಹಳೆಯ ಯಹೂದಿ ಸ್ಮಶಾನದಲ್ಲಿ ಅವರ ಅಪ್ಪ ಅಮ್ಮನ ಪಕ್ಕದಲ್ಲೇ ಜಾಗವಿತ್ತು. ಅಲ್ಲಿ ಹೂವಿಡುವುದಿಲ್ಲ, ಸಮಾಧಿಯ ಮೇಲೆ ಸಣ್ಣ ಕಲ್ಲು ಇಡುತ್ತಾರೆ. ಅಮ್ಮ ನಮ್ಮ ಮನೆಯ ಮೆಟ್ಟಿಲ ಪಕ್ಕದಿಂದಲೇ ಒಂದು ಕಲ್ಲು ತಂದು, ತೊಳೆದು ಇಟ್ಟಳು. ಮಿಸ್ ಅವರ ತಮ್ಮ ವಿಷಲ್ಲನ್ನು ಟೈಲರ್ ಭಾಯ್ ಕೈಗೆ ಕೊಟ್ಟರು. ಅದು ಈಗ ಆ ಅಂಗಡಿಯ ಮೊಳೆಯಲ್ಲಿ ಹೊಸ ಕಪ್ಪು ದಾರದಲ್ಲಿ ನೇತಾಡುತ್ತಿದೆ. ದೀಪವನ್ನು ಆ ತಮ್ಮನೇ ಮುಂಬಯಿಗೆ ಒಯ್ದರು.

ಆ ಮನೆಯನ್ನು ಮಾರಿದರು, ಕೆಡವಿದರು. ನಾನೂ ಅಮ್ಮನೂ ಈಗ ಮಹದೇವಪುರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಎದುರು ಟವರಿನ ಕಿಟಕಿಗಳು ಕೈಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಸಂಜೆಯಾದರೆ ಎಲ್ಲರ ಮನೆಯ ಪರದೆಯೂ ಮುಚ್ಚುತ್ತದೆ. ನಮ್ಮದೂ ಮುಚ್ಚುತ್ತಿತ್ತು. ಬಂದ ವರ್ಷ ನಾನೂ ಎಲ್ಲರಂತೆ ದಪ್ಪ ಬಟ್ಟೆ ತಂದು, ಹೊಲಿಯಲು ಟೈಲರ್ ಭಾಯ್‌ಗೇ ಕೊಟ್ಟಿದ್ದೆ.

ಹೋದ ಡಿಸೆಂಬರಿನಲ್ಲಿ ಒಂದು ಸಂಜೆ ಭಾಯ್ ಫೋನ್ ಬಂತು. ಮಿಸ್ ಅವರ ತಮ್ಮ ಮುಂಬಯಿಯಿಂದ ಫೋಟೋ ಕಳಿಸಿದ್ದಾರೆ, ನೋಡು ಅಂದರು. ತೆರೆದು ನೋಡಿದೆ. ಯಾವುದೋ ದೊಡ್ಡ ರಸ್ತೆಯ ಮೇಲಿನ ಕಿಟಕಿ. ಪರದೆಯನ್ನು ಪಕ್ಕಕ್ಕೆಳೆದು ಗಂಟು ಹಾಕಿದ್ದರು. ನೆತ್ತಿಯಲ್ಲಿ ಗಿಣಿ, ಬಲತುದಿಯಲ್ಲಿ ಒಂದೇ ದೀಪ.

“ಆಜ್ ಏಕ್,” ಅಂದರು ಟೈಲರ್ ಭಾಯ್. ಆಮೇಲೆ ಕೇಳಿದರು, “ನಾನು ಹೊಲ್ದು ಕೊಟ್ಟ ಪರದೆ ತೆಗ್ದಿದ್ದೀಯಾ, ಬೇಟಿ?”

“ಒಂದ್ನಿಮಿಷ ಇರಿ ಭಾಯ್,” ಅಂದು ಎದ್ದು ಹೋಗಿ ತೆಗೆದೆ.